ಕೊನೆಗೂ ಸಿಕ್ಕಿತು ಸ್ಲೋವರ್ಮ್‌ನ ರೆಪ್ಪೆ

ಹಾವಿನಂತೆ ಕಾಣುವ ಸ್ಲೋವರ್ಮ್ ಕಣ್ಣು ಮಿಟುಕಿಸುವ ಫೋಟೋಗೆ ಮೂರು ಬೇಸಿಗೆ ಕಾದಿದ್ದೆ, ಇವತ್ತು ಬೆಳಿಗ್ಗೆ ಸಿಕ್ಕಿತು. ಒಂದರ ಹಿಂದೊಂದು ಹೊಡೆದ ಹತ್ತು ಫ್ರೇಮಿನ ಬರ್ಸ್ಟ್‌ನಲ್ಲಿ ಮೂರರಲ್ಲಿ ಕೆಳರೆಪ್ಪೆ ಮೇಲೇರುತ್ತಿದೆ, ಒಂದರಲ್ಲಿ ಕಣ್ಣು ಪೂರ್ತಿ ಮುಚ್ಚಿದೆ. ಖುಷಿಗೆ ತಿಂಡಿ ತಿನ್ನೋದೂ ಮರೆತುಹೋಯಿತು.

ಇಲ್ಲಿ ಇಂಗ್ಲೆಂಡಿನ ಸರ್ರೆಯ ನಮ್ಮ ಅಲಾಟ್‌ಮೆಂಟಿನಲ್ಲಿ (ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ಜಾಗ), ಗೊಬ್ಬರದ ರಾಶಿ ಪಕ್ಕದ ಕಪ್ಪು ಶೀಟಿನಡಿ ಇರುವ ಈ ಸ್ಲೋವರ್ಮ್ ಹಾವಲ್ಲ, ಕಾಲಿಲ್ಲದ ಹಲ್ಲಿ ಅಂತ ಅಕ್ಕಪಕ್ಕದ ಪ್ಲಾಟಿನವರಿಗೆ ಎಷ್ಟು ಸಲ ಹೇಳಿದ್ದೇನೋ. ಸೊಪ್ಪು ತಿನ್ನುವ ಗೊಂಡೆಹುಳುಗಳನ್ನು (ಸ್ಲಗ್) ಮುಗಿಸುವುದೇ ಇದು, ಆದರೂ ಕಂಡರೆ ಸಲಿಕೆ ಎತ್ತುತ್ತಾರೆ. ಹಾವಿಗೆ ರೆಪ್ಪೆಯಿಲ್ಲ, ಇದು ಕಣ್ಣು ಮಿಟುಕಿಸುತ್ತದೆ. ಆ ಒಂದು ಫೋಟೋ ಶೆಡ್ಡಿನ ಬಾಗಿಲಿಗೆ ಅಂಟಿಸಬೇಕೆಂಬ ಹಟ ನನ್ನದು.

ಕಾಡಿದ್ದು ಹೊಳಪು. ಇದರ ಮೈ ಈಗಷ್ಟೇ ಹುಣಸೆಹಣ್ಣು ಹಾಕಿ ತಿಕ್ಕಿದ ಕಂಚಿನ ಹಾಗೆ. ಫ್ಲ್ಯಾಶಿನ ಬೆಳಕನ್ನು ಮೆತ್ತಗೆ ಹರಡುವ ಡಿಫ್ಯೂಸರ್ ಎಷ್ಟೇ ದೊಡ್ಡದು ಮಾಡಿದರೂ ಬಿಳೀ ಚುಕ್ಕೆ ಸರಿಯಾಗಿ ಕಣ್ಣಿನ ಮೇಲೇ ಕೂರುತ್ತಿತ್ತು. ಅದಕ್ಕೇ ಫ್ಲ್ಯಾಶಿಗೆ ಹೊಳಪು ತಡೆಯುವ ಪೋಲರೈಸರ್ ಫಿಲ್ಮ್, ಲೆನ್ಸಿಗೂ ಪೋಲರೈಸರ್ ಫಿಲ್ಟರ್ ಹಾಕಿದೆ. ಫಿಲ್ಮ್ ಕಳಿಸಿದ ಅಂಗಡಿಯವರ ಮೇಲೆ ಇನ್ನೂ ಸಿಟ್ಟಿದೆ: ಲೀನಿಯರ್ ಬಗೆಯದು ಕೇಳಿದರೆ ಎರಡು ಸಲ ಸರ್ಕ್ಯುಲರ್ ಬಗೆಯದು ಬಂತು, ಮೂರನೆಯದನ್ನು ಮಡಚಿ ಕವರಿಗೆ ತುರುಕಿದ್ದರು, ನಟ್ಟನಡುವೆ ಗೆರೆ.

ಹೊಳಪು ಹೋಯಿತು, ಅದರ ಜೊತೆ ಮೂರು ಸ್ಟಾಪ್ ಬೆಳಕೂ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಹೋಯಿತು. ಪೂರ್ತಿ ಶಕ್ತಿಯ 1/32ರಲ್ಲಿದ್ದ ಫ್ಲ್ಯಾಶನ್ನು 1/4ಕ್ಕೆ ಏರಿಸಿದರೆ ಎರಡು ಫ್ರೇಮಿಗೇ ಸುಸ್ತು, ಮೂರನೆಯದು ಕಪ್ಪು. ಮಿಟುಕಿಸಿದ್ದು ಯಾವಾಗಲೂ ಆ ಕಪ್ಪು ಫ್ರೇಮಿನಲ್ಲೇ! ಕೊನೆಗೆ ಫ್ಲ್ಯಾಶನ್ನು 1/32ಕ್ಕೇ ಇಳಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ 1600ಕ್ಕೆ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್16ರಿಂದ ಇನ್ನೂ ಅಗಲದ ಎಫ್11ಕ್ಕೆ ತಂದೆ. ಫೋಕಸ್ಸಿನ ಆಳ ಕಡಿಮೆಯಾಗಿದ್ದಕ್ಕೆ ನೆಲಕ್ಕೆ ಮಲಗಿ, ಕ್ಯಾಮೆರಾದ ಸೆನ್ಸರನ್ನು ಹಲ್ಲಿಯ ತಲೆಯ ಪಕ್ಕಕ್ಕೆ ಸಮಾನಾಂತರ ಹಿಡಿದೆ. ಇನ್ನೊಂದು ಮಾತು: ಫಿಲ್ಟರ್ ಪೂರ್ತಿ ತಿರುಗಿಸಬೇಡಿ, ಹೊಳಪೆಲ್ಲ ಹೋಗಿ ಹಲ್ಲಿ ಸೈಕಲ್ ಟ್ಯೂಬಿನಂತೆ ಕಾಣುತ್ತದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಕಂಚು ಉಳಿಯುತ್ತದೆ.

ಪೋಸಿಗಾಗಿ ಕಡ್ಡಿಯಿಂದ ಸರಿಸಲು ಹೋಗಬೇಡಿ. ಬಾಲ ಕಳಚಿಬಿಡುತ್ತದೆ, ಮತ್ತೆ ಬೆಳೆದರೂ ಮೊಂಡೇ. ಸ್ವೀಡನ್ನಿನ ಜೀವವಿಜ್ಞಾನಿ ಲಿನಿಯಸ್ 1758ರಲ್ಲಿ ಆಂಗ್ವಿಸ್ ಫ್ರಾಜಿಲಿಸ್ ಎಂದು, ಮುರಿಯುವಂಥದ್ದು ಎಂಬ ಅರ್ಥದಲ್ಲೇ ಹೆಸರಿಟ್ಟ. ಕೊಲ್ಲುವುದು, ಗಾಯ ಮಾಡುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಲ್ಲಿ ಅಪರಾಧ ಕೂಡ. ನಾನು ಶೀಟು ಎತ್ತಿ ಎರಡು ನಿಮಿಷದೊಳಗೆ ಮುಚ್ಚಿಬಿಡುತ್ತೇನೆ.

ಡಿಸೆಂಬರಿಗೆ ತೀರ್ಥಹಳ್ಳಿಗೆ ಹೋದಾಗ ಇದೇ ಸೆಟಪ್ ಹಾವುರಾಣಿಗೆ. ನಾಲ್ಕು ಕಾಲು ಕಣ್ಣಿಗೆ ಕಾಣುವ ಹಾಗಿದ್ದರೂ, ವಿಷವಿಲ್ಲದಿದ್ದರೂ ಅದಕ್ಕೂ ನಮ್ಮೂರಲ್ಲಿ ಪೊರಕೆ ಏಟೇ. ಅದೂ ರೆಪ್ಪೆ ಮುಚ್ಚುತ್ತದೆ. ಬಿಸಿಲಲ್ಲಿ ಮಿಂಚಿನಂತೆ ಓಡುವುದರಿಂದ ಬೆಳಿಗ್ಗೆ ಚಳಿ ಬಿಡುವ ಮೊದಲೇ ಸೌದೆ ಕೊಟ್ಟಿಗೆ ಹತ್ತಿರ ಕೂರಬೇಕು. ಲೀನಿಯರ್ ಫಿಲ್ಮ್ ಮಡಚದೆ ಕಳಿಸುವ ಅಂಗಡಿ ಬೆಂಗಳೂರಲ್ಲಿ ಗೊತ್ತಿದ್ದರೆ ಹೇಳಿ, ಈ ಸಲ ಎರಡು ತಗೊಳ್ತೀನಿ.