ನಾಲ್ಕನೇ ಪುಲ್‌ನಲ್ಲಿ ಇಂಟರ್‌ಕೂಲರ್ ಏನು ಹೇಳುತ್ತದೆ

ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್ ಸೇರುವ ಮೊದಲು ತಣ್ಣಗೆ ಮಾಡುವುದು ಇಂಟರ್‌ಕೂಲರ್. ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್ ಹಾಕಿಸಿ, ಗಾಡಿ ತಣ್ಣಗಿರುವಾಗ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದು ಪುಲ್ (ಕಾಲು ಪೂರ್ತಿ ಒತ್ತಿ ಆರ್‌ಪಿಎಂ ಏರಿಸುವ ಒಂದು ಓಟ) ಮಾಡಿದರೆ ನಂಬರ್ ಚೆನ್ನಾಗಿಯೇ ಬರುತ್ತದೆ. ಹೆಚ್ಚು ಕಡಿಮೆ ಯಾವುದನ್ನು ಹಾಕಿದರೂ ಬರುತ್ತದೆ. ಆ ಒಂದು ನಂಬರ್ ನೋಡಿ ಕೋರ್ (ಇಂಟರ್‌ಕೂಲರ್‌ನಲ್ಲಿ ಶಾಖ ಬಿಡುವ ನಡುವಿನ ಭಾಗ) ಆರಿಸುವುದನ್ನು ಕಂಡಾಗಲೆಲ್ಲ ನನಗೆ ಬೇಜಾರಾಗುತ್ತದೆ. ಮೊದಲ ಪುಲ್‌ನಲ್ಲಿ ಬಹುಪಾಲು ಕೆಲಸ ಮಾಡುವುದು ಅಲ್ಯೂಮಿನಿಯಂನ ತೂಕ. ಡಿಸೈನ್ ಎಷ್ಟು ಗಟ್ಟಿ ಅನ್ನುವುದು ಗೊತ್ತಾಗುವುದು ಮೂರನೇ, ನಾಲ್ಕನೇ ಪುಲ್‌ಗೆ.

ನಾವು ಕೆಲವು ಸ್ನೇಹಿತರು ಸೇರಿ 2 ಲೀಟರ್‌ನ ಟರ್ಬೊ ಹ್ಯಾಚ್‌ಬ್ಯಾಕ್ ಒಂದಕ್ಕೆ ಬಂಪರ್ ಹಿಂದೆ ಕೂರುವ ಇಂಟರ್‌ಕೂಲರ್ ಕಟ್ಟುತ್ತಿದ್ದೇವೆ. ಕೋರ್ ಆಯ್ಕೆಯಿಂದ ಹಿಡಿದು ವೆಲ್ಡಿಂಗ್‌ವರೆಗೆ ಎಲ್ಲವೂ ನಮ್ಮದೇ. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಲೆಕ್ಕ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಬಿಸಿ ಅನ್ನುವುದು ಅನೇಕರಿಗೆ ಅಂದಾಜಿರುವುದಿಲ್ಲ. ಹೊರಗಿನ ಗಾಳಿ 30 ಡಿಗ್ರಿ ಇದೆ, ಬೂಸ್ಟ್ (ಹೊರಗಿನ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ) 1 ಬಾರ್, ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್‌ನ ದಕ್ಷತೆ ಶೇಕಡಾ 70 ಅಂದುಕೊಳ್ಳಿ. ಟರ್ಬೊದಿಂದ ಹೊರಬರುವ ಗಾಳಿ ಸುಮಾರು 125 ಡಿಗ್ರಿ ಇರುತ್ತದೆ. ಅದನ್ನು 50ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಶೇಕಡಾ 23ರಷ್ಟು ಜಾಸ್ತಿ ಗಾಳಿ ಸಿಲಿಂಡರ್‌ಗೆ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ತಣ್ಣನೆ ಗಾಳಿಯಲ್ಲಿ ಎಂಜಿನ್ ನಾಕ್ ಆಗುವುದು (ಸಿಲಿಂಡರ್‌ನಲ್ಲಿ ಇಂಧನ ತಾನಾಗಿ ಸಿಡಿಯುವುದು) ಕಡಿಮೆ. ಗಾಳಿ ಬಿಸಿ ಇದ್ದರೆ ಎಂಜಿನ್ನಿನ ಕಂಪ್ಯೂಟರ್ ಆದ ಈಸಿಯು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ (ಕಿಡಿಯನ್ನು ತಡವಾಗಿ ಹಾರಿಸುತ್ತದೆ), ಎಷ್ಟೋ ಕಾರುಗಳಲ್ಲಿ ಬೂಸ್ಟನ್ನೂ ಇಳಿಸುತ್ತದೆ. ಎರಡು ಸಲ ಜೋರಾಗಿ ಓಡಿಸಿದ ಮೇಲೆ ಗಾಡಿ ಮಂಕಾಯಿತು ಅನ್ನಿಸುತ್ತದಲ್ಲ, ಅದಕ್ಕೆ ಬಹಳ ಸಲ ಇದೇ ಕಾರಣ.

ಇನ್ನು ಎಷ್ಟು ಶಾಖ ತೆಗೆಯಬೇಕು? 2 ಲೀಟರ್ ಎಂಜಿನ್ 6500 ಆರ್‌ಪಿಎಂನಲ್ಲಿ, 1 ಬಾರ್ ಬೂಸ್ಟ್‌ನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 0.22 ಕಿಲೋ ಗಾಳಿ ಎಳೆಯುತ್ತದೆ. ಅಷ್ಟು ಗಾಳಿಯನ್ನು 75 ಡಿಗ್ರಿ ಇಳಿಸಬೇಕಾದರೆ ಸುಮಾರು 17 ಕಿಲೋವ್ಯಾಟ್ ಶಾಖ ಹೊರಹಾಕಬೇಕು. 2 ಕಿಲೋವ್ಯಾಟ್‌ನ ರೂಮ್ ಹೀಟರ್ ಎಂಟನ್ನು ಬಂಪರ್ ಹಿಂದೆ ಸಾಲಾಗಿ ಇಟ್ಟು ಒಟ್ಟಿಗೇ ಆನ್ ಮಾಡಿದ ಹಾಗೆ.

ಈಗ ತೂಕದ ವಿಷಯಕ್ಕೆ ಬರುತ್ತೇನೆ. 6 ಕಿಲೋ ಅಲ್ಯೂಮಿನಿಯಂ ಕೋರ್ 1 ಡಿಗ್ರಿ ಬಿಸಿಯಾಗಲು 5.4 ಕಿಲೋಜೂಲ್ ಬೇಕು. 17 ಕಿಲೋವ್ಯಾಟ್ ಪೂರ್ತಿ ಅದರೊಳಗೇ ಹೋಗಿ, ಹೊರಗಿನ ಗಾಳಿ ಒಂದು ಚೂರೂ ತಾಗದಿದ್ದರೂ, ಕೋರ್ ಬಿಸಿಯಾಗುವುದು ಸೆಕೆಂಡಿಗೆ ಸುಮಾರು 3 ಡಿಗ್ರಿ ಮಾತ್ರ. 10 ಸೆಕೆಂಡಿನ ಪುಲ್ ಮುಗಿಯುವ ಹೊತ್ತಿಗೆ 30 ಡಿಗ್ರಿ ಏರಿರುತ್ತದೆ, ಅಷ್ಟೇ. ಅಂದರೆ ಮುಂದಿನ ಗ್ರಿಲ್ ಪೂರ್ತಿ ಮುಚ್ಚಿ ಡೈನೊ ಮೇಲೆ ನಿಲ್ಲಿಸಿದರೂ ಭಾರದ ಕೋರ್ ಮೊದಲ ಪುಲ್‌ನಲ್ಲಿ ಪಾಸಾಗಿಬಿಡುತ್ತದೆ! ಎರಡನೆಯದು ಅಲ್ಲಿಂದಲೇ ಶುರು. ಮೂರನೆಯದು ಇನ್ನೂ ಮೇಲಿನಿಂದ. ಒಳಗೆ ತುಂಬಿದ ಶಾಖವನ್ನು ಪುಲ್‌ಗಳ ನಡುವಿನ ಸಮಯದಲ್ಲಿ ಹೊರಗಿನ ಗಾಳಿಗೆ ಕೊಡಲು ಆಗುತ್ತದೋ ಇಲ್ಲವೋ, ಪ್ರಶ್ನೆ ಇರುವುದು ಅಲ್ಲಿ.

ಅದಕ್ಕೇ ನಾವು ಟ್ರ್ಯಾಕ್‌ನಲ್ಲಿ ಒಂದೇ ಗೇರ್, ಒಂದೇ ಆರ್‌ಪಿಎಂ ರೇಂಜ್, ಪುಲ್‌ಗಳ ನಡುವೆ ಒಂದೇ ಅಂತರ ಇಟ್ಟುಕೊಂಡು ಸಾಲಾಗಿ ಓಡಿಸುತ್ತೇವೆ. ಎರಡು ವಿಷಯ ನೋಡುತ್ತೇವೆ. ಹೊರಬರುವ ಗಾಳಿಯ ಬಿಸಿ ಕೊನೆಗೆ ಎಲ್ಲಿ ನಿಲ್ಲುತ್ತದೆ, ಮತ್ತು ಕಾಲು ತೆಗೆದ ಮೇಲೆ ಎಷ್ಟು ಬೇಗ ಇಳಿಯುತ್ತದೆ. ಬರೀ ಡಿಗ್ರಿ ಬರೆದುಕೊಳ್ಳುವುದಿಲ್ಲ, ಹೊರಗಿನ ಗಾಳಿಗಿಂತ ಎಷ್ಟು ಮೇಲೆ ಅಂತ ಬರೆದುಕೊಳ್ಳುತ್ತೇವೆ. ಇಲ್ಲದಿದ್ದರೆ ಬೆಳಗಿನ ಡೇಟಾ ಮಧ್ಯಾಹ್ನದ್ದಕ್ಕೆ ಹೋಲಿಸಲು ಬರುವುದಿಲ್ಲ. ಡೈನೊವನ್ನು ನಾನು ತಳ್ಳಿಹಾಕುತ್ತಿಲ್ಲ. ಟೈಮಿಂಗ್, ಬೂಸ್ಟ್ ಸರಿಮಾಡಲು ಅದು ಬೇಕೇ ಬೇಕು. ಆದರೆ ಮುಂದೆ ಇಟ್ಟ ಒಂದು ಫ್ಯಾನ್ ರಸ್ತೆಯ ಮೇಲಿನ ಗಾಳಿಗೆ ಸಮ ಅಲ್ಲವೇ ಅಲ್ಲ.

ಸೆನ್ಸರ್ ಬಗ್ಗೆ ಒಂದು ಮಾತು. ಕಾರಿನ ಜೊತೆ ಬಂದ ಗಾಳಿ ತಾಪಮಾನದ ಸೆನ್ಸರ್ ನಿಧಾನ, ಜೊತೆಗೆ ಅದು ಕೂತಿರುವ ಜಾಗವೂ ಬಿಸಿಯಾಗಿರುತ್ತದೆ. ತುದಿ ತೆರೆದಿರುವ ತೆಳು ಕೆ-ಟೈಪ್ ಥರ್ಮೋಕಪಲ್ ಎರಡು ಬೇಕು, ಒಂದು ಒಳಹೋಗುವ ಕಡೆ, ಇನ್ನೊಂದು ಹೊರಬರುವ ಕಡೆ. ಒತ್ತಡಕ್ಕೆ ಎರಡು ಪ್ರತ್ಯೇಕ ಗೇಜ್ ಹಾಕಿ ಕಳೆಯುವುದು ಬೇಡ. ನಾವು ಹುಡುಕುತ್ತಿರುವುದು 0.1 ಬಾರ್‌ನಷ್ಟು ವ್ಯತ್ಯಾಸ. 2 ಬಾರ್ ಅಳೆಯುವ ಎರಡು ಗೇಜ್‌ಗಳ ತಪ್ಪು ಸೇರಿದರೆ ಅದನ್ನು ನುಂಗಿಹಾಕಬಹುದು. ಎರಡೂ ಬದಿಯ ವ್ಯತ್ಯಾಸವನ್ನೇ ನೇರ ಅಳೆಯುವ ಒಂದು ಸೆನ್ಸರ್ ಹಾಕಿ. ಅದಕ್ಕೆ ಕೊರೆಯುವ ತೂತು ಒಂದೆರಡು ಮಿಲಿಮೀಟರ್ ಸಾಕು, ಆದರೆ ಒಳಗಿನ ಅಂಚಿನಲ್ಲಿ ಬರ್ (ಕೊರೆದಾಗ ಏಳುವ ಲೋಹದ ಚೂಪು) ಉಳಿಯಬಾರದು. ಬೆರಳಿಗೆ ತಾಗಿಯೂ ತಾಗದಂಥ ಸಣ್ಣ ಬರ್ ಸಾಕು, ರೀಡಿಂಗ್ ಎಲ್ಲೋ ಹೋಗುತ್ತದೆ.

ಈ ಒತ್ತಡದ ನಷ್ಟಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಕೋರ್ ಒಳಗೆ 0.2 ಬಾರ್ ಕಳೆದುಹೋದರೆ, ಎಂಜಿನ್‌ಗೆ 1 ಬಾರ್ ಮುಟ್ಟಿಸಲು ಟರ್ಬೊ 1.2 ಮಾಡಬೇಕು. ಆಗ ಟರ್ಬೊದಿಂದ ಬರುವ ಗಾಳಿ 125 ಅಲ್ಲ, 140 ಡಿಗ್ರಿಯ ಹತ್ತಿರ. ಎಕ್ಸಾಸ್ಟ್‌ನಿಂದ ತಿರುಗಿ ಕಂಪ್ರೆಸರ್ ನಡೆಸುವ ಟರ್ಬೈನ್ ಜಾಸ್ತಿ ದುಡಿಯಬೇಕು, ಎಕ್ಸಾಸ್ಟ್‌ನಲ್ಲಿ ಒತ್ತಡ ಏರುತ್ತದೆ. ಒಂದು ಕೈಯಲ್ಲಿ ತಣ್ಣಗೆ ಮಾಡಿ ಇನ್ನೊಂದು ಕೈಯಲ್ಲಿ ಬಿಸಿ ಮಾಡಿದ ಹಾಗಾಯಿತು. ಫುಲ್ ಬೂಸ್ಟ್‌ನಲ್ಲಿ 0.1 ಬಾರ್ ಒಳಗೆ ಇರಬೇಕು ಅನ್ನುವುದು ನಮ್ಮ ಗೆರೆ.

ಇದಕ್ಕೆ ಕೋರ್‌ನ ದಿಕ್ಕು ಬಹಳ ಮುಖ್ಯ. ಉದ್ದವಾದ ಕೆಲವೇ ದಾರಿಗಳಲ್ಲಿ ಗಾಳಿ ಓಡಿಸಿದರೆ ತಣ್ಣಗಾಗಲು ಸಮಯ ಸಿಗುತ್ತದೆ, ಆದರೆ ಒತ್ತಡ ಹೋಗುತ್ತದೆ. ಗಿಡ್ಡದ ಬಹಳ ದಾರಿಗಳಿದ್ದರೆ ಒತ್ತಡ ಉಳಿಯುತ್ತದೆ, ಆದರೆ ಮೇಲೆ ಕೆಳಗೆ ಗಾಳಿ ಹಂಚುವ ಟ್ಯಾಂಕ್ ಕೂರಿಸಲು ಬಂಪರ್ ಹಿಂದೆ ಜಾಗ ಸಿಗುವುದಿಲ್ಲ. ಕೋರನ್ನು ಗಟ್ಟಿ ಪಟ್ಟಿ, ತಗಡುಗಳಿಂದ ಕಟ್ಟುವ ಬಾರ್ ಅಂಡ್ ಪ್ಲೇಟೋ, ತೆಳು ಕೊಳವೆಗಳ ನಡುವೆ ಫಿನ್ ಕೂರಿಸಿ ಕಟ್ಟುವ ಟ್ಯೂಬ್ ಅಂಡ್ ಫಿನ್ನೋ ಅನ್ನುವ ಜಗಳ ಇದರ ಮುಂದೆ ಚಿಕ್ಕದು. ಬಾರ್ ಅಂಡ್ ಪ್ಲೇಟ್ ಭಾರ, ಗಟ್ಟಿ, ಕಲ್ಲು ಬಡಿದರೆ ತಾಳುತ್ತದೆ, ಬಿಸಿಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಟ್ಯೂಬ್ ಅಂಡ್ ಫಿನ್ ಹಗುರ, ಹೊರಗಿನ ಗಾಳಿಗೆ ದಾರಿ ಸಲೀಸು, ಬೇಗ ತಣ್ಣಗಾಗುತ್ತದೆ. ಸಣ್ಣ ಸಣ್ಣ ಡ್ರ್ಯಾಗ್ ಓಟಕ್ಕೆ ಮೊದಲನೆಯದು, ಲ್ಯಾಪ್ ಮೇಲೆ ಲ್ಯಾಪ್ ಹೊಡೆಯುವವರಿಗೆ ಎರಡನೆಯದು ಅಂತ ನಾನು ಹೇಳುತ್ತೇನೆ, ಆದರೂ ಒಳ್ಳೆ ಫಿನ್ ಇರುವ ಬಾರ್ ಅಂಡ್ ಪ್ಲೇಟ್ ಕೆಟ್ಟ ಟ್ಯೂಬ್ ಅಂಡ್ ಫಿನ್‌ಗಿಂತ ಯಾವಾಗಲೂ ಮೇಲು.

ದೊಡ್ಡ ಇಂಟರ್‌ಕೂಲರ್ ಹಾಕಿದರೆ ಲ್ಯಾಗ್ (ಕಾಲು ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ಜಾಸ್ತಿಯಾಗುತ್ತದೆ ಅನ್ನುವ ಭಯ ಮಾತ್ರ ಸುಮ್ನೆ. 2 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲೇ ಸೆಕೆಂಡಿಗೆ 50 ಲೀಟರ್ ಹತ್ತಿರ ನುಂಗುತ್ತದೆ. ಹೆಚ್ಚುವರಿ 5 ಲೀಟರ್ ಜಾಗ ತುಂಬಲು ಹಿಡಿಯುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಬೇಕಾದರೆ ಕೂತು ಲೆಕ್ಕ ಹಾಕಿ ನೋಡಿ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಾವು ಕಳೆದಿರುವುದು ಹೊರಗಿನ ಗಾಳಿಯ ಮೇಲೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿಗೆ ಬಡಿಯುವ ಗಾಳಿಯ ಒತ್ತಡ ಎಷ್ಟು ಗೊತ್ತಾ? ನೀರಿನ ಲೆಕ್ಕದಲ್ಲಿ ಬರೀ 45 ಮಿಲಿಮೀಟರ್. ಇಷ್ಟು ಸಣ್ಣ ಒತ್ತಡ ಗಾಳಿಯನ್ನು ಗ್ರಿಲ್, ಇಂಟರ್‌ಕೂಲರ್, ಎಸಿ ಕಂಡೆನ್ಸರ್, ರೇಡಿಯೇಟರ್ ಎಲ್ಲದರ ಮೂಲಕ ತಳ್ಳಬೇಕು. ಪಕ್ಕದಲ್ಲಿ ಎರಡು ಬೆರಳು ಸಂದು ಇದ್ದರೂ ಗಾಳಿ ಕೋರ್ ಬಿಟ್ಟು ಅಲ್ಲಿಂದಲೇ ನುಸುಳಿ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಒಂದು ತೆಳು ಪ್ಲಾಸ್ಟಿಕ್ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ, ಒಳಗೆ ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಕೋರ್ ಮುಂದೆ, ಇನ್ನೊಂದನ್ನು ಹಿಂದೆ ಕಟ್ಟಿ, ಪೈಪನ್ನು ಕಾರಿನೊಳಗೆ ತಂದು ಸ್ಕೇಲ್ ಪಕ್ಕ ಅಂಟಿಸಿ. ಪಕ್ಕದಲ್ಲಿ ಕೂತವರು ವೇಗ ಏರಿದ ಹಾಗೆ ಎರಡೂ ಕಡೆಯ ನೀರಿನ ವ್ಯತ್ಯಾಸ ಓದಬೇಕು. ಸುತ್ತ ಸಂದುಗಳಿದ್ದಾಗ ನೀರು ಒಂಚೂರು ಅಲ್ಲಾಡಿ ನಿಲ್ಲುತ್ತದೆ. ಗ್ರಿಲ್‌ನಿಂದ ಕೋರ್‌ವರೆಗೆ ಡಕ್ಟ್ ಮಾಡಿ ಅಂಚಿಗೆಲ್ಲ ಫೋಮ್ ಅಂಟಿಸಿ ಮತ್ತೆ ಓಡಿಸಿದರೆ, ಅದೇ ವೇಗದಲ್ಲಿ ನೀರು ಎಷ್ಟೋ ಜಾಸ್ತಿ ಏರುತ್ತದೆ. ಕೋರ್ ಬದಲಾಯಿಸದೆ, ಬರೀ ಫೋಮ್ ಮತ್ತು ಪ್ಲಾಸ್ಟಿಕ್ ಶೀಟ್‌ನಿಂದ, ನಾಲ್ಕನೇ ಪುಲ್‌ನ ತಾಪಮಾನ ಇಳಿದಿದ್ದನ್ನು ನೋಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹೊಸ ಇಂಟರ್‌ಕೂಲರ್ ಕೊಳ್ಳುವ ಮೊದಲು ಎಲ್ಲರೂ ಇದನ್ನು ಮಾಡಬೇಕು.

ಕೋರ್ ದಪ್ಪ ಮಾಡಿದಷ್ಟೂ ಒಳ್ಳೆಯದು ಅನ್ನುವುದು ಇಲ್ಲಿಯೇ ಕೈಕೊಡುವುದು. ಮುಂದಿನ ಭಾಗ ದಾಟುವಷ್ಟರಲ್ಲಿ ಗಾಳಿ ಬಿಸಿಯಾಗಿರುತ್ತದೆ, ಹಿಂದಿನ ಭಾಗಕ್ಕೆ ಸಿಗುವುದು ಆ ಬಿಸಿ ಗಾಳಿಯೇ. ಜೊತೆಗೆ ದಪ್ಪ ಕೋರ್ ಗಾಳಿಯನ್ನು ತಡೆಯುತ್ತದೆ. 600 ಗುಣಿಸು 300 ಮಿಲಿಮೀಟರ್ ಕೋರ್‌ನಲ್ಲಿ ಗಾಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹಾದುಹೋದರೆ, 17 ಕಿಲೋವ್ಯಾಟ್ ಹೊತ್ತುಕೊಂಡು ಸುಮಾರು 10 ಡಿಗ್ರಿ ಬಿಸಿಯಾಗಿ ಹಿಂದೆ ಬರುತ್ತದೆ. ವೇಗ ಅರ್ಧ ಆದರೆ 20 ಡಿಗ್ರಿ. ಹಿಂದೆ ಇರುವ ರೇಡಿಯೇಟರ್‌ಗೆ ಸಿಗುವುದು ಇದೇ ಗಾಳಿ. ಆದ್ದರಿಂದ ಪ್ರತಿ ಸಲ ಕೂಲೆಂಟ್ ತಾಪಮಾನವನ್ನೂ ಲಾಗ್ ಮಾಡಲೇಬೇಕು. ಎಂಜಿನ್‌ಗೆ ಹೋಗುವ ಗಾಳಿ ತಣ್ಣಗಿಟ್ಟು ಎಂಜಿನ್ ಕಾಯಿಸಿದರೆ ಏನು ಬಂತು?

ಎಲ್ಲಿ ಕೂರಿಸಬೇಕು ಅನ್ನುವುದು ಹಳೆಯ ಪ್ರಶ್ನೆ. 1978ರಲ್ಲಿ ಪೋರ್ಷೆ 911 ಟರ್ಬೊಗೆ ಇಂಟರ್‌ಕೂಲರ್ ಬಂದಾಗ, ಅದಕ್ಕೆ ಜಾಗ ಕೊಡಲು ಹಿಂದಿನ ಸ್ಪಾಯ್ಲರ್‌ನ ಆಕಾರವನ್ನೇ ಬದಲಿಸಿದರು. ಸುಬಾರು ಡಬ್ಲ್ಯುಆರ್‌ಎಕ್ಸ್‌ನಲ್ಲಿ ಅದು ಎಂಜಿನ್ ಮೇಲೆಯೇ ಕೂರುತ್ತದೆ, ಬಾನೆಟ್ ಸ್ಕೂಪ್‌ನಿಂದ ಗಾಳಿ. ಪೈಪ್ ಗಿಡ್ಡ, ಆದರೆ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ನಿನ ಬಿಸಿ ಪೂರ್ತಿ ಅದಕ್ಕೆ. ಬಂಪರ್ ಹಿಂದೆ ಕೂರಿಸುವವರಿಗೆ ನನ್ನ ಒಂದೇ ಬೇಡಿಕೆ: ದೊಡ್ಡ ಕೋರ್ ಹಿಡಿಸಲು ಕ್ರ್ಯಾಶ್ ಬಾರ್ ಕತ್ತರಿಸಬೇಡಿ. ಅದು ನಿಮ್ಮ ಪ್ರಾಣ ಉಳಿಸಲು ಅಲ್ಲಿರುವುದು. ಕೋರ್ 30 ಮಿಲಿಮೀಟರ್ ಚಿಕ್ಕದಾದರೆ ಆಗಲಿ ಬಿಡಿ.

ಕೋರ್‌ನ ತುದಿಗಳಲ್ಲಿ ಪೈಪ್ ಸೇರುವ ಎಂಡ್ ಟ್ಯಾಂಕ್ ಚೆನ್ನಾಗಿಲ್ಲದಿದ್ದರೆ ಒಳ್ಳೆ ಕೋರ್ ಕೂಡ ಅರ್ಧ ವ್ಯರ್ಥ. ಪೈಪ್‌ನಿಂದ ರಭಸವಾಗಿ ಬಂದ ಗಾಳಿ ನೇರ ಎದುರಿನ ಸಾಲುಗಳಿಗೆ ನುಗ್ಗುತ್ತದೆ, ಮೂಲೆಯ ಸಾಲುಗಳು ಖಾಲಿ ಕೂರುತ್ತವೆ. ಟ್ಯಾಂಕ್ ನಿಧಾನವಾಗಿ ಅಗಲವಾಗುತ್ತಾ, ದೂರ ಹೋದಂತೆ ಆಳ ಕಡಿಮೆಯಾಗುತ್ತಾ ಹೋದರೆ ಗಾಳಿ ಹೆಚ್ಚು ಸಮವಾಗಿ ಹಂಚಿಕೊಳ್ಳುತ್ತದೆ. ನಾವು ಟ್ಯಾಂಕನ್ನು ಮೊದಲು 3ಡಿ ಪ್ರಿಂಟ್ ಮಾಡಿ, ಬ್ಲೋವರ್ ಹಚ್ಚಿ, ಕೋರ್‌ನ ಆಚೆ ಬದಿಯಲ್ಲಿ ಸಾಲು ಸಾಲಾಗಿ ಗಾಳಿಯ ವೇಗ ಅಳೆದ ಮೇಲೆಯೇ ಲೋಹ ಕತ್ತರಿಸಿದ್ದು.

ಟಿಗ್ ವೆಲ್ಡಿಂಗ್‌ನಲ್ಲಿ ನೋಡಬೇಕಾದ್ದು ಹೊರಗಿನ ಚಂದದ ಬೀಡ್ (ವೆಲ್ಡ್‌ನ ಗೆರೆ) ಅಲ್ಲ. ಟ್ಯಾಂಕ್ ಒಳಗೆ ಕೈ ಹಾಕಿ ಸವರಿ ನೋಡಿ. ಲೋಹ ಜಾಸ್ತಿ ಕರಗಿ ಒಳಗೆ ಇಳಿದಿದ್ದರೆ ಗಾಳಿಯ ದಾರಿಗೆ ಅಡ್ಡ. ಕೋರ್ ಹತ್ತಿರ ಶಾಖ ಜಾಸ್ತಿ ಕೊಟ್ಟರೆ ಒಳಗಿನ ಭಾಗಗಳನ್ನು ಹಿಡಿದಿರುವ ಬ್ರೇಜಿಂಗ್ ಬೆಸುಗೆ ಕರಗುವ ಅಪಾಯ, ಯಾಕೆಂದರೆ ಆ ಜೋಡಣೆ ಆಗಿರುವುದೇ 600 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ, ನಡುವೆ ಆರಲು ಬಿಟ್ಟು ಹಾಕುವುದೇ ಸರಿ. ವೆಲ್ಡ್ ಮುಗಿದ ಮೇಲೆ ಒಳಗೆ ಚೆನ್ನಾಗಿ ತೊಳೆಯಿರಿ. ಅಲ್ಯೂಮಿನಿಯಂನ ಒಂದು ಚೂರು ಉಳಿದರೂ ಅದು ಹೋಗುವುದು ನೇರ ಎಂಜಿನ್ ಒಳಗೆ. ಲೀಕ್ ಟೆಸ್ಟ್‌ಗೆ ನೀರಿನಲ್ಲಿ ಮುಳುಗಿಸಿ ಗಾಳಿ ತುಂಬುವಾಗ ರೆಗ್ಯುಲೇಟರ್ ಇಲ್ಲದೆ ಮಾಡಲೇಬೇಡಿ, ಮುಖವನ್ನು ದೂರ ಇಡಿ.

ಕಾರಿಗೆ ಕೂರಿಸುವಾಗ ರಬ್ಬರ್ ಬುಷ್ ಕೊಡಿ. ಎಂಜಿನ್ ಅಲ್ಲಾಡುತ್ತದೆ, ಪೈಪ್ ಎಳೆಯುತ್ತದೆ, ಗಟ್ಟಿಯಾಗಿ ಬಿಗಿದರೆ ಒಂದಲ್ಲ ಒಂದು ದಿನ ವೆಲ್ಡ್ ಬಿರುಕು ಬಿಡುತ್ತದೆ. ಪೈಪ್ ತುದಿಗೆ ಸುತ್ತಲೂ ಉಬ್ಬಿದ ಅಂಚು (ಇದಕ್ಕೂ ಬೀಡ್ ಅಂತಲೇ ಹೆಸರು) ಇರಲಿ, ಇಲ್ಲದಿದ್ದರೆ ಬೂಸ್ಟ್ ಬಂದಾಗ ಸಿಲಿಕೋನ್ ಹೋಸ್ ಕಳಚಿಕೊಳ್ಳುತ್ತದೆ.

ಇದೆಲ್ಲ ಆದ ಮೇಲೆ ಹಳೆಯ ಟ್ಯೂನ್‌ನಲ್ಲೇ (ಈಸಿಯುವಿನ ಸೆಟ್ಟಿಂಗ್) ಓಡಿಸಿ ಡೇಟಾ ತೆಗೆಯಿರಿ, ಆಮೇಲೆ ಟ್ಯೂನ್ ಮುಟ್ಟಿ. ಒತ್ತಡದ ನಷ್ಟ ಕಡಿಮೆಯಾಗಿದ್ದರೆ ಟರ್ಬೊ ಮೊದಲಿಗಿಂತ ಸುಲಭವಾಗಿ ಬೂಸ್ಟ್ ಮುಟ್ಟುತ್ತದೆ, ಕೆಲವು ಕಾರುಗಳಲ್ಲಿ ಗುರಿ ದಾಟಿ ಮೇಲೆ ಹೋಗಲೂಬಹುದು. ಅದಕ್ಕೆ ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ವಾಲ್ವ್‌ನ ಡ್ಯೂಟಿಯನ್ನು ಮೊದಲು ಸರಿಮಾಡಿ, ಟೈಮಿಂಗ್ ಆಮೇಲೆ ಒಂದೊಂದೇ ಡಿಗ್ರಿ ಕೊಡುತ್ತಾ ಹೋಗಿ, ನಾಕ್ ಲಾಗ್ ನೋಡುತ್ತಾ. ಆ ಟೈಮಿಂಗ್ ನಾಲ್ಕನೇ ಪುಲ್‌ನಲ್ಲೂ ಹಾಗೇ ನಿಲ್ಲುತ್ತದಾ ಅಂತ ನೋಡಿಯೇ ಫೈಲ್ ಸೇವ್ ಮಾಡಿ.