ತೋಟಾ ತೂಗಿದ ಕತೆ

"ಮೋನೇ, ಆ ತೆಂಗಿನಕಾಯಿಯನ್ನೂ ನಿನ್ನ ತಕ್ಕಡಿಯಲ್ಲಿ ತೂಗಿ ಇಟ್ಟಿದ್ದರೆ ತಾಗುತ್ತಿತ್ತೋ ಏನೋ."

ಸುಬೇದಾರರು ಹೇಳಿದ್ದು ಇಷ್ಟೇ. ಕೋವಿಯನ್ನು ಕೌಂಟರ್ ಮೇಲೆ ಮಲಗಿಸಿದರು, ಕೊಡೆ ಬಿಚ್ಚಿದರು, ಮಳೆಯಲ್ಲಿ ಇಳಿದು ಹೋದರು. ಬೈದಿದ್ದರೆ ಪರವಾಗಿರಲಿಲ್ಲ. ಬೈಗುಳ ಸಂಜೆಯ ಹೊತ್ತಿಗೆ ಮರೆತುಹೋಗುತ್ತದೆ. ಈ ಮಾತು ವರ್ಷ ಕಳೆದರೂ ಹೋಗಿಲ್ಲ.

ನಾನು ದಕ್ಷಿಣ ಕೊಡಗಿನ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಆಗಸ್ಟ್ ಬಂತೆಂದರೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಅಷ್ಟರೊಳಗೆ ಮನೆಮನೆಯ ಕೋವಿ ತೊಳೆದು, ಎಣ್ಣೆ ಹಾಕಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುವ ಹಾಗಿರಬೇಕು. ವರ್ಷವಿಡೀ ಮೂಲೆಯಲ್ಲಿದ್ದದ್ದು ಆಗಲೇ ನೆನಪಾಗುವುದು. ಮಳೆಗಾಲದ ತುಕ್ಕು, ಮುರಿದ ಸ್ಪ್ರಿಂಗ್, ತೆರೆಯದ ಲಾಕ್. ಒಮ್ಮೆ ಒಂದು 12 ಬೋರಿನ ತೋಟಾ (ಕಾರ್ಟ್ರಿಜ್) ಕೋವಿಯ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹಾಗೇ ಹೊಡೆದಿದ್ದರೆ ನಳಿಗೆ ಸೀಳಿ ಹೋಗುತ್ತಿತ್ತು.

ಸುಬೇದಾರರ ಕೋವಿ ಆ ಜಾತಿಯದ್ದಲ್ಲ. ಹಳೇ ಬೋಲ್ಟ್ ಆಕ್ಷನ್ ಪಾಯಿಂಟ್ 22, ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯುವ ಸಣ್ಣ ಗುಂಡಿನ ರೈಫಲ್. ಮಗುವಿನ ಹಾಗೆ ನೋಡಿಕೊಂಡದ್ದು. "ಕಳೆದ ವರ್ಷ ಹಬ್ಬದ ಸ್ಪರ್ಧೆಯಲ್ಲಿ ತೆಂಗಿನಕಾಯಿ ಒಡೆದಿದ್ದೆ. ಈಗ ಅಂಗೈ ಅಗಲಕ್ಕೆ ಚೆಲ್ಲುತ್ತಿದೆ" ಎಂದರು. 50 ಮೀಟರಿನಲ್ಲಿ ಅಂಗೈ ಅಗಲ ಅಂದರೆ ಪಾಯಿಂಟ್ 22ಕ್ಕೆ ಅವಮಾನ.

ಮಾಮೂಲಿ ನೋಡುವುದನ್ನೆಲ್ಲ ನೋಡಿದೆ. ನಳಿಗೆಯ ಬಾಯಿ ಸರಿ ಇತ್ತು, ರಾಡ್ ಉಜ್ಜಿ ಸವೆದಿರಲಿಲ್ಲ. ಸೀಸ ಕಟ್ಟಿರಲಿಲ್ಲ. ಮುಂದಿನ ಸೈಟ್ ಅಲ್ಲಾಡುತ್ತಿರಲಿಲ್ಲ. ಹೊಡೆದ ತೋಟಾದ ಖಾಲಿ ಕೇಸಿನ ಅಂಚಿನ ಮೇಲೆ ಪಿನ್ನಿನ ಗುರುತು ಚೊಕ್ಕವಾಗಿತ್ತು. ಸ್ಟಾಕಿನ, ಅಂದರೆ ನಳಿಗೆ ಕೂರುವ ಮರದ ಭಾಗದ, ಸ್ಕ್ರೂ ಕೊಂಚ ಸಡಿಲ ಅನ್ನಿಸಿತು, ಗಟ್ಟಿಯಾಗಿ ಬಿಗಿದೆ. ಎಷ್ಟು ಗಟ್ಟಿ ಅಂತ ಕೇಳಬೇಡಿ. ಬಿಗಿತ ಅಳೆದು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರ್ ಬೇಕು ಅಂತ ಮೂರು ವರ್ಷದಿಂದ ಕೇಳುತ್ತಿದ್ದೇನೆ. "ನಿನ್ನ ಕೈಯೇ ಟಾರ್ಕು" ಅನ್ನುತ್ತಾರೆ ನಮ್ಮ ಮಾಲೀಕರು. ಹೊಗಳಿಕೆ ಅಂದುಕೊಂಡು ಸುಮ್ಮನಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಆದರೆ ಅವತ್ತು ಸಂಜೆ ಸುಬೇದಾರರು ಟೆಕ್ಸಾಸಿನಲ್ಲಿರುವ ಅಕ್ಕನ ಮಗನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ನನ್ನ ಕೈಗೆ ಕೊಟ್ಟರು. "ಇವನು ತೋಟಾ ಮನೆಯಲ್ಲೇ ಮಾಡುತ್ತಾನೆ, ಕೇಳು."

ಹುಡುಗ ಒಳ್ಳೆಯವನು. ಮಾತು ಜಾಸ್ತಿ. ಅವನ ಹತ್ತಿರ ಪಾಯಿಂಟ್ 223 ರೆಮಿಂಗ್ಟನ್ ರೈಫಲ್ ಇದೆ. ಅಲ್ಲಿ ಪ್ರೇರಿ ಡಾಗ್ ಅಂತ ಬಿಲ ತೋಡುವ ಪ್ರಾಣಿ, ಹೆಸರು ನಾಯಿಯದ್ದು, ಜಾತಿ ಅಳಿಲಿನದ್ದು. ಹುಲ್ಲುಗಾವಲು ಹಾಳುಮಾಡುತ್ತದೆ ಅಂತ ಇನ್ನೂರು ಮುನ್ನೂರು ಗಜದಿಂದ ಹೊಡೆಯುತ್ತಾರಂತೆ. ಅಷ್ಟು ಚಿಕ್ಕ ಗುರಿಗೆ ಅಂಗಡಿಯ ತೋಟಾ ಸಾಲುವುದಿಲ್ಲ ಅಂತ ಅವನ ವಾದ. ಖಾಲಿ ಹಿತ್ತಾಳೆ ಕೇಸ್ ಆರಿಸಿ ಇಟ್ಟುಕೊಳ್ಳುತ್ತಾನೆ, ಪಿನ್ನಿನ ಏಟಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಒತ್ತುತ್ತಾನೆ, ಮದ್ದಿನ ಪುಡಿಯನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾನೆ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು ಅನ್ನುವುದನ್ನು ಇಂಚಿನ ಸಾವಿರದ ಒಂದು ಭಾಗದಲ್ಲಿ ಅಳೆಯುತ್ತಾನೆ. ಇಲ್ಲಿ ನಮ್ಮ ಗದ್ದೆಗೆ ಹಂದಿ ನುಗ್ಗಿದರೆ ನಾವು ತಗಡು ಬಡಿಯುತ್ತೇವೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆಯಲ್ಲ. ಇನ್ನು ಪರವಾನಗಿ ಇಲ್ಲದೆ ತೋಟಾ ತಯಾರಿಸುವುದಂತೂ ಮಾತೇ ಇಲ್ಲ. ಅದೂ ಬಿಡಿ, ಪಾಯಿಂಟ್ 22ರಲ್ಲಿ ಪ್ರೈಮರಿನ ಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ. ಪಿನ್ನು ಅಂಚನ್ನೇ ಜಜ್ಜುತ್ತದೆ. ಒಮ್ಮೆ ಹೊಡೆದ ಕೇಸ್ ಮುಗಿಯಿತು, ಮತ್ತೆ ತುಂಬಿಸುವ ಪ್ರಶ್ನೆಯೇ ಇಲ್ಲ.

ಇದೆಲ್ಲ ನನಗೂ ಗೊತ್ತು, ಅವನಿಗೂ ಗೊತ್ತು. "ಹಾಗಿದ್ರೆ ಅಣ್ಣ, ಇರೋ ತೋಟಾನೇ ತೂಗಿ ಬೇರೆ ಮಾಡಿ. ಒಂದೇ ತೂಕದ್ದು ಒಂದು ಕಡೆ. ಇಲ್ಲಿ ಪಾಯಿಂಟ್ 22 ಹೊಡೆಯೋರು ಹಾಗೂ ಮಾಡ್ತಾರೆ" ಅಂದ. ನಾನು "ಹೌದೌದು, ಅದೇ ಮಾಡಬೇಕು ಅಂತಿದ್ದೆ" ಅಂದೆ. ಯಾಕೆ ಹಾಗಂದೆನೋ. ಸುಬೇದಾರರು ಪಕ್ಕದಲ್ಲೇ ನಿಂತಿದ್ದರು, ಅಮೆರಿಕದವನ ಮುಂದೆ ಕಡಿಮೆಯಾಗಬಾರದು ಅನ್ನಿಸಿತು.

ಪಕ್ಕದ ಬೀದಿಯ ಅಕ್ಕಸಾಲಿ ಗೆಳೆಯನಿಂದ ಮಿಲಿಗ್ರಾಂ ತಕ್ಕಡಿ ತಂದೆ. "ಯಾರ ಮದುವೆ?" ಅಂತ ಕೇಳಿದ. ಎರಡು ಸಂಜೆ ಕೂತು ಎರಡು ಪೆಟ್ಟಿಗೆ, 100 ತೋಟಾ ತೂಗಿದೆ. ಫ್ಯಾನ್ ಹಾಕಿದರೆ ಅಂಕಿ ಕುಣಿಯುತ್ತದೆ, ಹಾಕದಿದ್ದರೆ ಬೆವರು. ಮೂರು ಡಬ್ಬಿ ಮಾಡಿ ಮೇಲೆ ಚೀಟಿ ಅಂಟಿಸಿದೆ: ಹಗುರ, ಮಧ್ಯಮ, ಭಾರ. ಅದರಲ್ಲಿ ಗುಂಡಿನದ್ದೇ 40 ಗ್ರೇನ್, ಅಂದರೆ ಹೆಚ್ಚುಕಡಿಮೆ 2.6 ಗ್ರಾಂ. ಒಳಗಿನ ಪುಡಿ ಅದರ ಮುಂದೆ ಒಂದು ಚಿಟಿಕೆ. ವ್ಯತ್ಯಾಸ ಸೀಸದ್ದೋ, ಹಿತ್ತಾಳೆಯದ್ದೋ, ಮೇಲಿನ ಮೇಣದ್ದೋ ಅಂತ ತಕ್ಕಡಿ ಹೇಳುವುದಿಲ್ಲ. ಆಗ ನನಗೆ ಇದು ಹೊಳೆಯಲಿಲ್ಲ ಅಂದರೆ ಸುಳ್ಳು. ಹೊಳೆಯಿತು, ಆದರೆ ಅಷ್ಟರಲ್ಲಿ 60 ತೂಗಿಯಾಗಿತ್ತು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಗುರಿ ಹೊಡೆಯುವ ರೇಂಜಿಗೆ ಹೋದೆವು. ಮಂಜು ಇಳಿದಿತ್ತು. 50 ಮೀಟರ್ ಆಚೆಯ ಹಲಗೆ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಮಾಲೀಕರು ರಿಜಿಸ್ಟರ್ ಕೊಟ್ಟು ಕಳಿಸಿದ್ದರು. ಒಂದೊಂದು ತೋಟಾಕ್ಕೂ ಲೆಕ್ಕ ಬರೆಯಬೇಕು, ಒದ್ದೆ ಪುಟದ ಮೇಲೆ ಪೆನ್ನು ಓಡುತ್ತಿರಲಿಲ್ಲ.

ಮೊದಲು ನಾನು ಹೊಡೆದೆ, 'ಮಧ್ಯಮ' ಡಬ್ಬಿಯಿಂದ. ಮರಳುಚೀಲವನ್ನು ನನ್ನ ಅಭ್ಯಾಸದಂತೆ ಹಿಂದಕ್ಕೆ, ಟ್ರಿಗರ್ ಗಾರ್ಡಿನ ಸ್ವಲ್ಪ ಮುಂದೆ ಇಟ್ಟುಕೊಂಡಿದ್ದೆ. ಐದು ಗುಂಡು. ಹೋಗಿ ನೋಡಿದರೆ ಐದೂ ನಿಂಬೆಹಣ್ಣಿನಷ್ಟು ಜಾಗದಲ್ಲಿ. ಎದೆ ಉಬ್ಬಿತು. ತಕ್ಕಡಿ ಗೆದ್ದಿತು ಅಂದುಕೊಂಡೆ.

ಆಮೇಲೆ ಸುಬೇದಾರರು ಕೂತರು. ಕೈ ಉದ್ದ ಮಾಡಿ ಚೀಲವನ್ನು ಮುಂದಕ್ಕೆ ತಳ್ಳಿದರು, ಸ್ಟಾಕಿನ ತುದಿಯ ಕೆಳಗೆ. ಅದೇ ಡಬ್ಬಿ, ಅದೇ ಕೋವಿ. ಮೊದಲನೆಯದು ಮೇಲೆ ಹೋಯಿತು. ಎರಡನೆಯದು ಮೇಲೆ, ಬಲಕ್ಕೆ. ಮೂರನೆಯದು ಮತ್ತೆಲ್ಲೋ. ಬೋಲ್ಟ್ ಎಳೆಯುವ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದೆ ಅವರ ಮೊಮ್ಮಗಳು ಕೊಡೆ ಹಿಡಿದು ನಿಂತಿದ್ದಳು. ಐದನೆಯದು ಕಾಗದದ ಅಂಚಿಗೆ ತಾಗಿತು. ಅವರು ಕೋವಿ ಇಳಿಸಿದರು, ಬೋಲ್ಟ್ ತೆರೆದಿಟ್ಟರು, ನನ್ನ ಮುಖ ನೋಡಿದರು.

ನಾನು ಹೇಳಿದೆ: "ಕೋವಿ ಸರಿ ಇದೆ ಸರ್. ನೀವೇ ನೋಡಿದ್ರಲ್ಲ, ನಾನು ಹೊಡೆದಾಗ ಕೂತಿತು. ನಿಮಗೆ ಕಣ್ಣಿನ ಆಪರೇಷನ್ ಬೇರೆ ಆಗಿದೆ. ವಯಸ್ಸಾದ ಮೇಲೆ ಉಸಿರೂ ಸ್ವಲ್ಪ..."

ಅರ್ಧಕ್ಕೇ ನಿಲ್ಲಿಸಿದೆ. ನಿಲ್ಲಿಸಿದ್ದು ತಡವಾಯಿತು. 74 ವರ್ಷದ ಮನುಷ್ಯ, ಸೈನ್ಯದಲ್ಲಿ ರಿಕ್ರೂಟುಗಳಿಗೆ ಗುರಿ ಕಲಿಸಿದವರು. "ಇರಬಹುದು" ಅಂದರು. ಮೊಮ್ಮಗಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ವಾಪಸು ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಇಳಿಯುವಾಗ ಅವರು 'ಮಧ್ಯಮ' ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು.

ಹಬ್ಬದ ಮರುದಿನ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಿಂದಿನ ದಿನದ ಕಡುಬು, ಪಂದಿ ಕರಿಯ ಭಾರದಲ್ಲೇ ಜನ ಸೇರಿದ್ದರು. ನಮ್ಮ ಕಡೆ ಹಿರಿಯರಿಗೆ ಮೇಜಿನ ಮೇಲೆ ಚೀಲ ಇಟ್ಟು ಹೊಡೆಯಲು ಬಿಡುತ್ತಾರೆ. ಸುಬೇದಾರರ ಹೆಸರು ಮೈಕಿನಲ್ಲಿ ಕರೆದಾಗ ಚಪ್ಪಾಳೆ ಬಿತ್ತು, ಹಿಂದಿನ ವರ್ಷ ಕಾಯಿ ಒಡೆದವರಲ್ಲವೇ. ಚೀಲ ಮುಂದಕ್ಕೆ ತಳ್ಳಿದರು. ಮೂರು ಗುಂಡಿನ ಅವಕಾಶ. ಮೂರೂ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋದವು. ಕಾಯಿ ಅಲ್ಲಾಡಲೂ ಇಲ್ಲ. ನಂತರ ಬಂದ ಕಾಲೇಜು ಹುಡುಗ ಒಂದೇ ಗುಂಡಿಗೆ ಒಡೆದ. ನಾನು ಚುರುಮುರಿ ಗಾಡಿಯ ಹಿಂದೆ ನಿಂತಿದ್ದೆ. ಅವರು ನೋಡಲಿಲ್ಲ ಅಂದುಕೊಂಡಿದ್ದೆ, ನೋಡಿದ್ದರು.

ಮರುದಿನ ಬೆಳಿಗ್ಗೆ ಆ ತಕ್ಕಡಿಯ ಮಾತು.

ಅವರು ಹೋದ ಮೇಲೆ ಕೋವಿ ಮುಟ್ಟಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಕೆಲಸ ನಿಂತಾಗ ಕೌಂಟರ್ ಮೇಲೆ ಅದು ಹಾಗೇ ಮಲಗಿತ್ತು. ರೇಂಜಿನ ರಿಜಿಸ್ಟರ್ ತಿರುವಿ ಹಾಕುತ್ತಿದ್ದೆ. ನನ್ನ ಐದು, ಅವರ ಐದು. ಕೋವಿ ಒಂದೇ, ತೋಟಾ ಒಂದೇ, ಹೊಡೆದವರು ಬೇರೆ. ಅಷ್ಟೇನಾ ಬೇರೆ ಆಗಿದ್ದು? ಚೀಲ. ಚೀಲವೂ ಬೇರೆ ಕಡೆ ಇತ್ತು. ಏಕಕಾಲಕ್ಕೆ ಎರಡು ಬದಲಾಗಿದ್ದವು. ನಾನು ಒಂದನ್ನೇ ನೋಡಿ ಅದರ ಮೇಲೆ ತಪ್ಪು ಹೊರಿಸಿದ್ದೆ. ಅದೂ ಯಾರ ಮೇಲೆ!

ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿದೆ. ಈ ಕೋವಿಯಲ್ಲಿ ನೋಟು ಸರಾಗ ಹಿಂದಿನವರೆಗೂ ಜಾರಬೇಕು. ತುದಿಯಿಂದ ನಾಲ್ಕು ಬೆರಳು ಹೋಗಿ ನಿಂತಿತು. ಎಡಗಡೆಯಿಂದ ನೂಕಿದರೆ ಮುದುಡಿತು.

ಸ್ಟಾಕ್ ಬಿಚ್ಚಿದೆ. ಹೊರಗಡೆ ಕನ್ನಡಿಯಂಥ ಪಾಲಿಶ್. ಒಳಗಡೆ, ನಳಿಗೆ ಕೂರುವ ಕಾಲುವೆಯಲ್ಲಿ, ಬೆತ್ತಲೆ ಮರ. ಹೊರಗೆ ಪಾಲಿಶ್ ಮಾಡಿಸಿದವರು ಒಳಗೆ ಒಂದು ತೊಟ್ಟು ಎಣ್ಣೆಯನ್ನೂ ಹಚ್ಚಿರಲಿಲ್ಲ. ಜೂನಿನಿಂದ ಆಗಸ್ಟಿನವರೆಗೆ ನಮ್ಮ ಮಳೆಯ ತೇವ ಕುಡಿದು ಆ ಮರ ಉಬ್ಬಿದೆ, ಎಡಕ್ಕೆ ಬಾಗಿದೆ. ನಳಿಗೆ ಒತ್ತಿದ ಕಡೆ ಬೆರಳಿನಷ್ಟು ಉದ್ದ ಮರ ಉಜ್ಜಿ ಹೊಳೆಯುತ್ತಿತ್ತು. ಅದು ಸಾಲದು ಅಂತ ನಾನು ಮುಂದಿನ ಸ್ಕ್ರೂ ಬಿಗಿದದ್ದಕ್ಕೆ ಸುತ್ತಲಿನ ಮರ ಅಪ್ಪಚ್ಚಿಯಾಗಿ, ನಳಿಗೆ ಇನ್ನೂ ಕೆಳಗೆ ಕೂತಿತ್ತು. ನನ್ನ ಕೈಯ ಟಾರ್ಕು. ಚೀಲವನ್ನು ಹಿಂದೆ ಇಟ್ಟರೆ ಸ್ಟಾಕಿನ ತುದಿಗೆ ಭಾರ ಬೀಳದು, ಪ್ರತಿ ಸಲವೂ ಒತ್ತು ಒಂದೇ. ಗುಂಡು ಕೂರುತ್ತದೆ. ತುದಿಯ ಕೆಳಗೆ ಇಟ್ಟರೆ ತೆಳ್ಳಗಿನ ಮರ ಮೇಲಕ್ಕೆ ಬಾಗಿ ನಳಿಗೆಯನ್ನು ತಳ್ಳುತ್ತದೆ, ಒಂದೊಂದು ಸಲ ಒಂದೊಂದಷ್ಟು. ಸುಬೇದಾರರ ಉಸಿರು ಸರಿಯಾಗೇ ಇತ್ತು.

ಪೈಪಿಗೆ ಸ್ಯಾಂಡ್ ಪೇಪರ್ ಸುತ್ತಿ ಕಾಲುವೆ ಉಜ್ಜಿದೆ. ಮುಕ್ಕಾಲು ಗಂಟೆ ಕೆಲಸ. ನೋಟನ್ನು ಎರಡು ಮಡಿಕೆ ಮಾಡಿ ಜಾರಿಸಿ ನೋಡಿದೆ. ಒಳಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿದೆ. ಅದು ಒಣಗಲು ನಮ್ಮ ಹವೆಯಲ್ಲಿ ವಾರಕ್ಕೂ ಜಾಸ್ತಿ ಬೇಕಾಯಿತು, ಮತ್ತೆರಡು ಸಲ ಹಚ್ಚಿದೆ. ಸ್ಕ್ರೂ ಈ ಸಲ ಹದವಾಗಿ ಬಿಗಿದೆ. ತೂಗದೆ ಉಳಿದಿದ್ದ ಪೆಟ್ಟಿಗೆ ಒಂದಿತ್ತು. ಅದರಿಂದ ಐದು, ಚೀಲ ಹಿಂದೆ. ಐದು, ಚೀಲ ತುದಿಯಲ್ಲಿ. ಎರಡೂ ಗುಂಪು ಹತ್ತು ರೂಪಾಯಿ ನಾಣ್ಯದ ಆಸುಪಾಸಿನಲ್ಲೇ ಬಿದ್ದವು. ಅಂಗಡಿಯಲ್ಲಿ ಯಾರಿಗೂ ಹೇಳದೆ ಆ ಎರಡು ಕಾಗದ ಮಡಿಸಿ ಇಟ್ಟುಕೊಂಡೆ.

ಕೋವಿಯನ್ನು ನಾನೇ ಮನೆಗೆ ತಲುಪಿಸಿದೆ. ಸ್ಟಾಕ್ ಕೆಲಸಕ್ಕೆ ಬಿಲ್ ಹಾಕಲೇಬೇಕು ಅಂತ ಮಾಲೀಕರು ಹಟ ಹಿಡಿದರು, ಅದನ್ನು ನಾನು ಕೈಯಿಂದ ಕಟ್ಟಿದೆ. ಆ ದುಡ್ಡಿಗೆ ಟಾರ್ಕ್ ಡ್ರೈವರಿನ ಅರ್ಧ ಬರುತ್ತಿತ್ತು. ಸುಬೇದಾರರು ಜಗಲಿಯಲ್ಲಿ ಕೂತು ಎರಡು ಕಾಗದವನ್ನೂ ಕನ್ನಡಕ ತೆಗೆದು, ಹಾಕಿ, ನೋಡಿದರು. "ನನ್ನ ತಪ್ಪು ಸರ್, ಅವತ್ತು ಹಾಗೆ ಹೇಳಬಾರದಿತ್ತು" ಅಂದೆ. ಅವರು ಒಳಗೆ ತಿರುಗಿ "ಕಾಪಿ ತಾ" ಅಂದರು. ಅಷ್ಟೇ.

ಟೆಕ್ಸಾಸಿನ ಹುಡುಗ ಆಮೇಲೆ ಫೋನಿನಲ್ಲಿ ಇನ್ನೊಂದು ಕತೆ ಹೇಳಿದ. ಅವನ ಪಾಯಿಂಟ್ 223 ಒಮ್ಮೆ ಹೀಗೇ ಚೆಲ್ಲುತ್ತಿತ್ತಂತೆ. ಪುಡಿ ಬದಲಿಸಿದ, ಗುಂಡಿನ ಆಳ ಬದಲಿಸಿದ, ಎರಡು ತಿಂಗಳು ಪಟ್ಟಿ ಬರೆದ. ಕೊನೆಗೆ ಸ್ಕೋಪಿನ ಕೆಳಗಿನ ಒಂದು ಸ್ಕ್ರೂ ಸಡಿಲವಾಗಿತ್ತು. "ಇದನ್ನ ಮೊದಲೇ ಹೇಳಬಾರದಿತ್ತೇನಪ್ಪ?" ಅಂದೆ. "ನೀವು ಎಲ್ಲ ನೋಡಿಯಾಯ್ತು ಅಂದ್ರಲ್ಲ ಅಣ್ಣ" ಅಂದ. ಹೌದು, ಅಂದಿದ್ದೆ.

ಹಗುರ ಮತ್ತು ಭಾರದ ಡಬ್ಬಿಗಳಲ್ಲಿದ್ದ ತೋಟಾಗಳನ್ನು ಮತ್ತೆ ಬೆರೆಸಿ ಪೆಟ್ಟಿಗೆಗೆ ತುಂಬಿದೆ. ತಕ್ಕಡಿ ವಾಪಸು ಕೊಟ್ಟೆ. ನೋಟು ಮಾತ್ರ ಈಗ ಅಂಗಡಿಯ ಮೇಜಿನ ಡ್ರಾಯರಿನಲ್ಲಿ ಇದೆ. ಬೋಲ್ಟ್ ಕೋವಿ ಯಾವುದೇ ಬರಲಿ, ಮೊದಲು ಅದನ್ನು ತೂರಿಸುತ್ತೇನೆ. ಮರದ ಒಳಗೆ ಎಣ್ಣೆ ಇದೆಯೋ ಇಲ್ಲವೋ ಅಂತ ಹೊಸ ಹುಡುಗನಿಗೂ ನೋಡಲು ಹೇಳಿದ್ದೇನೆ. ನೋಡುವುದಿಲ್ಲ, ಫೋನ್ ನೋಡುತ್ತಾನೆ.

ಈ ವರ್ಷ ಆಗಸ್ಟಿನಲ್ಲಿ ಸುಬೇದಾರರು ಮತ್ತೆ ಬಂದರು. ಒಂದು ಕೈಯಲ್ಲಿ ಕೋವಿ, ಇನ್ನೊಂದು ಕೈಯಲ್ಲಿ ಅವರ ಮನೆಯ ಮರಳುಚೀಲ. ಎರಡನ್ನೂ ಕೌಂಟರ್ ಮೇಲೆ ಇಟ್ಟರು.

"ಎಲ್ಲಿಟ್ಟು ಹೊಡೆಯಲಿ ಮೋನೇ, ಹಿಂದೆಯೋ ಮುಂದೆಯೋ? ಮೊದಲೇ ಹೇಳಿಬಿಡು."