ಡ್ರೋಗನ್ ಅವಳನ್ನು ಎಬ್ಬಿಸಲು ನೋಡಿದಾಗ
ಗೇಮ್ ಆಫ್ ಥ್ರೋನ್ಸ್ ಟಿವಿ ಸರಣಿಯ ಕೊನೆ ಎಪಿಸೋಡನ್ನು ನಿನ್ನೆ ರಾತ್ರಿ ಮತ್ತೆ ನೋಡಿದೆ. 2019ರ ಮೇ ತಿಂಗಳಲ್ಲಿ ಮೊದಲ ಸಲ ನೋಡಿದಾಗ ತುಂಬಾ ಬೇಜಾರಾಗಿತ್ತು. ಕೊನೆ ಸೀಸನ್‌ಗೆ ಆರೇ ಆರು ಎಪಿಸೋಡ್. ರಾಣಿ ಡೆನೇರಿಸ್ ಕ್ರೂರಿಯಾಗಿ ಅಷ್ಟು ಬದಲಾಗೋಕೆ ಅದು ಸಾಲದು. ಈಗಲೂ ಹಾಗೇ ಅನಿಸುತ್ತದೆ.

ಆದರೆ ಅವಳು ಮಗುವಿನಂತೆ ಸಾಕಿದ ಡ್ರ್ಯಾಗನ್, ಡ್ರೋಗನ್! ಸತ್ತುಬಿದ್ದ ತಾಯಿಯನ್ನು ಮೂತಿಯಿಂದ ಮೆಲ್ಲಗೆ ತಳ್ಳಿ ಎಬ್ಬಿಸಲು ನೋಡುತ್ತದೆ. ಅವಳು ಏಳುವುದಿಲ್ಲ. ಆಮೇಲೆ ಆ ಕಬ್ಬಿಣದ ಸಿಂಹಾಸನವನ್ನೇ ಕರಗಿಸಿ, ಅವಳನ್ನು ಎತ್ತಿಕೊಂಡು ಹಾರಿಹೋಗುತ್ತದೆ. ಅಷ್ಟು ಜನ ಸತ್ತಿದ್ದು ಆ ಒಂದು ಕುರ್ಚಿಗಾಗಿ ಅಲ್ವಾ? ಈ ಸಲವೂ ಕಣ್ಣು ತುಂಬಿ ಬಂತು.

ಕೊನೆಗೆ, ಅವಳನ್ನು ಕೊಂದ ಜಾನ್ ಉತ್ತರಕ್ಕೆ ಮರಳುತ್ತಾನೆ. ನಾಲ್ಕನೇ ಎಪಿಸೋಡ್‌ನಲ್ಲಿ ತನ್ನ ತೋಳ ಘೋಸ್ಟ್‌ನನ್ನು ಮುಟ್ಟದೇ ಬಿಟ್ಟು ಹೋಗಿದ್ದ. ಈಗ ಮಂಡಿಯೂರಿ, ಒಂದು ಕಿವಿ ಹೋದ ಆ ತಲೆಯನ್ನು ಸವರುತ್ತಾನೆ. ಅಲ್ಲೇ ನಿಲ್ಲಿಸಿ, ಅದೊಂದನ್ನೇ ಇನ್ನೊಮ್ಮೆ ನೋಡಿದೆ.